ಎಫ್ ಕೀ ಮೇಲಿನ ಕೆಂಪು ಚುಕ್ಕೆ

ಸ್ಪೇಸ್ ಬಾರ್ ಎತ್ತಿದಾಗ ಕೆಳಗೆ ಮೂರು ಅಕ್ಷತೆ ಕಾಳು ಸಿಕ್ಕಿದವು. ಎಫ್1, ಎಫ್2 ಇರುವ ಮೇಲಿನ ಸಾಲಿನ ಸಂದಿಯಲ್ಲಿ ಅರಿಶಿನ, ಕುಂಕುಮ ಗಟ್ಟಿಯಾಗಿ ಪದರ ಪದರವಾಗಿ ಕೂತಿತ್ತು. ಹದಿನಾರು ಆಯುಧಪೂಜೆ ಕಂಡ ಕೀಬೋರ್ಡ್ ಅದು. ಮಾನಿಟರಿಗೆ ಹೂವು, ಸಿಪಿಯುಗೆ ವಿಭೂತಿ, ಕೀಬೋರ್ಡಿಗೆ ಕುಂಕುಮ. ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ.

ಅರಸೀಕೆರೆಯಲ್ಲಿ ಅಪ್ಪನದೊಂದು ಡಿಟಿಪಿ ಅಂಗಡಿ ಇತ್ತು. 2003ರಲ್ಲಿ ಶುರುವಾಗಿದ್ದು, 2020ರ ಲಾಕ್‌ಡೌನಿನಲ್ಲಿ ಎಳೆದ ಶಟರ್ ಮತ್ತೆ ಮೇಲಕ್ಕೇಳಲಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ತಹಶೀಲ್ದಾರರಿಗೆ ಬರೆಯುವ ಅರ್ಜಿ, ಎಲ್ಲವೂ ಅಲ್ಲಿಂದಲೇ. ನನ್ನ ಎಂಜಿನಿಯರಿಂಗ್ ಫೀಸೂ ಅಲ್ಲಿಂದಲೇ ಅನ್ನಿ. ಅಂಗಡಿ ಖಾಲಿ ಮಾಡುವಾಗ ಕಂಪ್ಯೂಟರನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದ. ಕೀಬೋರ್ಡನ್ನು ಮಾತ್ರ ಅಪ್ಪ ಕೊಡಲಿಲ್ಲ. ಹಳೇ ಟವೆಲ್ಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಕೇಳಿ ತಂದೆ. "ಏನ್ ಮಾಡ್ತೀಯ ಅದನ್ನ ಇಟ್ಕೊಂಡು?" ಅಂದರು. "ಹೊಸದರ ಥರ ಮಾಡ್ಕೊಡ್ತೀನಿ ನೋಡ್ತಿರಿ" ಅಂದೆ. ಈ ಮಾತು ನೆನಪಿರಲಿ, ಮುಂದೆ ಬರುತ್ತೆ.

ಕೀಬೋರ್ಡಿನ ಹುಚ್ಚು ನನಗೆ ಹತ್ತಿಸಿದ್ದು ಆಫೀಸಿನ ಸಹೋದ್ಯೋಗಿಯೊಬ್ಬ. ಅವನ ಬಳಿ ಐಬಿಎಂ ಮಾಡೆಲ್ ಎಂ ಇತ್ತು, 1985ರಲ್ಲಿ ಬಂದ ಮಾದರಿ. ಎರಡು ಕಿಲೋಗೂ ಹೆಚ್ಚು ತೂಕ, ಹೊಡೆದರೆ ಕಳ್ಳ ಬಿದ್ದಾನು. ಅದರಲ್ಲಿ ಪ್ರತಿ ಕೀ ಕೆಳಗೂ ಒಂದು ಸ್ಪ್ರಿಂಗ್. ಒತ್ತುತ್ತಾ ಹೋದಂತೆ ಅದು ಒಂದು ಹಂತದಲ್ಲಿ ಫಕ್ಕನೆ ಪಕ್ಕಕ್ಕೆ ಬಾಗುತ್ತದೆ, ಆ ಬಾಗುವಿಕೆಯೇ ಶಬ್ದ, ಅದೇ ಅಕ್ಷರ. ಒಳಗಿನ ಪದರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್ಟುಗಳು ವಯಸ್ಸಾದಂತೆ ಒಂದೊಂದಾಗಿ ಉದುರುತ್ತವೆ. ಹವ್ಯಾಸಿಗಳು ಅವನ್ನೆಲ್ಲ ಕೆರೆದು, ರಂಧ್ರ ಕೊರೆದು, ಸಣ್ಣ ಬೋಲ್ಟು ನಟ್ಟು ಹಾಕಿ ಮತ್ತೆ ಬಿಗಿ ಮಾಡುತ್ತಾರೆ. ಅವನು ಎರಡು ವೀಕೆಂಡ್ ಕೂತು ಹಾಗೆ ಮಾಡಿದ್ದನ್ನು ನೋಡಿದ ಮೇಲೆ ನನಗೂ ಕೈ ತುರಿಸತೊಡಗಿತು.

ಆದರೆ ನಮ್ಮ ಕಡೆ ಐಬಿಎಂ ಯಾರ ಹತ್ತಿರ ಇತ್ತು? ನಮಗೆ 'ಟಕಟಕ ಕೀಬೋರ್ಡ್' ಅಂದರೆ ಟಿವಿಎಸ್ ಗೋಲ್ಡ್. ಬಿಲ್ಲಿಂಗ್ ಕೌಂಟರ್, ಟೈಪಿಂಗ್ ಸೆಂಟರ್, ಸರ್ಕಾರಿ ಕಚೇರಿ, ಎಲ್ಲಿ ದಿನವಿಡೀ ಟೈಪಿಂಗ್ ಇತ್ತೋ ಅಲ್ಲೆಲ್ಲ ಅದೇ. ಅಪ್ಪನದೂ ಅದೇ. ಬಿಚ್ಚಿ ನೋಡಿದರೆ ಒಳಗೆ ಚೆರಿ ಎಂಎಕ್ಸ್ ಬ್ಲೂ ಸ್ವಿಚ್‌ಗಳು. ಇವತ್ತು ಗೇಮಿಂಗ್ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಜರ್ಮನ್ ಸ್ವಿಚ್ಚಿನ ಮೇಲೆ ನಮ್ಮಪ್ಪ ಸತ್ಯನಾರಾಯಣ ಪೂಜೆಯ ಆಹ್ವಾನ ಟೈಪ್ ಮಾಡುತ್ತಿದ್ದರು!

ಈ ಸ್ವಿಚ್ಚಿನ ಗುಟ್ಟು ಸರಳ. ನೀಲಿ ಕಡ್ಡಿಯ ಸುತ್ತ ಬಿಳಿಯ ಇನ್ನೊಂದು ಸಣ್ಣ ತುಂಡು ಇರುತ್ತದೆ. ಕೀ ನಾಲ್ಕು ಮಿಲಿಮೀಟರ್ ಕೆಳಗಿಳಿಯಬಲ್ಲದು. ಆದರೆ ಸುಮಾರು ಅರ್ಧ ದಾರಿಯಲ್ಲೇ ಆ ಬಿಳಿ ತುಂಡು ಜಾರಿ 'ಟಿಕ್' ಅನ್ನುತ್ತದೆ, ಅಕ್ಷರವೂ ಅಲ್ಲೇ ದಾಖಲಾಗುತ್ತದೆ. ಅಂದರೆ ತಳದ ತನಕ ಗುದ್ದಬೇಕಿಲ್ಲ. ಕೈ ಪಳಗಿದವರು ಶಬ್ದ ಕೇಳಿಯೇ ಬೆರಳು ಎತ್ತುತ್ತಾರೆ. ದಿನಕ್ಕೆ ಹತ್ತು ಗಂಟೆ ಟೈಪ್ ಮಾಡುವವರಿಗೆ ಈ ಅರ್ಧ ದಾರಿಯ ಉಳಿತಾಯ ಸಣ್ಣದಲ್ಲ.

ಕೆಲಸ ಶುರುಮಾಡುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಯಾವ ಕೀ ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳಬಾರದಲ್ಲ. ಆ ಫೋಟೋವನ್ನು ದೊಡ್ಡದು ಮಾಡಿ ನೋಡುವಾಗ ವಿಚಿತ್ರ ಅನ್ನಿಸಿತು. ಇಂಗ್ಲಿಷ್ ಟೈಪ್ ಮಾಡುವವರ ಕೀಬೋರ್ಡಿನಲ್ಲಿ ಮೊದಲು ಸವೆಯುವುದು ಇ, ಎ, ಟಿ ಇಂಥವು. ಕ್ಯೂ ಅನ್ನೋದು ಹೊಸ ಮದುಮಗಳ ಹಾಗೆ ಮುಟ್ಟಿದರೆ ಮಾಸೀತು ಅಂತ ಕೂತಿರುತ್ತೆ. ಅಪ್ಪನದರಲ್ಲಿ ಕ್ಯೂ ಮೇಲಿನ ಅಕ್ಷರ ಅರ್ಧ ಹೋಗಿತ್ತು. ಡಬ್ಲ್ಯೂ ಕೂಡ. ಎಲ್ಲಕ್ಕಿಂತ ಹೆಚ್ಚು ಸವೆದಿದ್ದು ಎಫ್. ಅಕ್ಷರವೇ ಇಲ್ಲ, ಪ್ಲಾಸ್ಟಿಕ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಹೊಳೆಯಿತು. ಅಪ್ಪ ಟೈಪ್ ಮಾಡುತ್ತಿದ್ದದ್ದು ನುಡಿಯಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಇಂಗ್ಲಿಷಿನ ಇಪ್ಪತ್ತಾರು ಕೀಗಳೊಳಗೇ ಇಡೀ ಕನ್ನಡವನ್ನು ಕೂರಿಸಿದ ವಿನ್ಯಾಸ ಅದು. ಅದರಲ್ಲಿ ಕ್ಯೂ ಅಂದರೆ ಟ, ಡಬ್ಲ್ಯೂ ಅಂದರೆ ಡ, ಎಕ್ಸ್ ಅಂದರೆ ಷ. ಎಫ್ ಅಂದರೆ ಅರ್ಧಾಕ್ಷರ, ಅಂದರೆ ಒತ್ತಕ್ಷರ ಬೇಕಾದಾಗಲೆಲ್ಲ ಎರಡು ವ್ಯಂಜನಗಳ ನಡುವೆ ಒತ್ತುವ ಕೀ. ಅಮ್ಮ ಅಂತ ಬರೆಯಬೇಕಾದರೆ ಎ, ಎಂ, ಎಫ್, ಎಂ. ಲಗ್ನಪತ್ರಿಕೆ ಎಂಬ ಒಂದು ಪದಕ್ಕೇ ಎಫ್ ಎರಡು ಸಲ. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಷ್ಟು ಸಿಗುತ್ತೆ ಹೇಳಿ! ಯಾವುದೇ ಅಕ್ಷರ ಓದದೆ, ಬರೀ ಸವೆತ ನೋಡಿಯೇ ಇದು ಕನ್ನಡ ಟೈಪ್ ಮಾಡಿದ ಕೀಬೋರ್ಡ್ ಅಂತ ಹೇಳಬಹುದಿತ್ತು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಾಡಿದ್ದು ಏನು ಗೊತ್ತಾ?

ಕೀಗಳನ್ನೆಲ್ಲ ತಂತಿಯ ಪುಲ್ಲರಿನಿಂದ ಕಿತ್ತು, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಕುದಿ ನೀರು ಹಾಕಬೇಡಿ, ಕೀ ಸೊಟ್ಟಗಾಗುತ್ತದೆ. ಬೆಳಗ್ಗೆ ಹಳೇ ಟೂತ್ ಬ್ರಶ್ಶಿನಲ್ಲಿ ಉಜ್ಜಿ ಬಟ್ಟೆಯ ಮೇಲೆ ಒಂದು ಪೂರ್ತಿ ದಿನ ಒಣಗಿಸಿದೆ. ಒಳಗೆ ನೀರಿನ ಹನಿ ಉಳಿದರೆ ಅದು ಸ್ವಿಚ್ಚಿಗೆ ಇಳಿಯುತ್ತದೆ. ಕೆಳಗಿನ ಬೋರ್ಡಿಗೆ ನೀರು ತಾಗಿಸದೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬ್ರಶ್ ಅಷ್ಟೇ. ಹಳದಿಯಾಗಿದ್ದ ಮೇಲ್ಕವಚಕ್ಕೆ ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಟೆರೇಸಿನ ಬಿಸಿಲಿಗಿಟ್ಟೆ. ಕೈಗೆ ಗ್ಲೌಸ್ ಇರಲಿ, ಚರ್ಮ ಸುಡುತ್ತೆ. ಬಿಳಿಯಾಯಿತು, ಆದರೆ ಒಂದೇ ಸಮ ಬಿಳಿಯಾಗಲಿಲ್ಲ, ಮೋಡ ಮೋಡವಾಗಿ ಆಯಿತು. ಕೆಲವು ವರ್ಷಕ್ಕೆ ಮತ್ತೆ ಹಳದಿಯಾಗುವುದೂ ಉಂಟು. ಇನ್ನೊಮ್ಮೆಯಾದರೆ ನಾನು ಈ ಬಿಳಿ ಮಾಡುವ ಗೋಜಿಗೇ ಹೋಗಲ್ಲ.

'ಕ' ಒತ್ತಿದರೆ ಕೆಲವೊಮ್ಮೆ 'ಕಕ' ಬರುತ್ತಿತ್ತು. ಸ್ವಿಚ್ಚಿನೊಳಗಿನ ಲೋಹದ ಎಲೆಗಳು ಕೊಳೆಯಾದರೆ ಹೀಗಾಗುತ್ತೆ. ಆಲ್ಕೋಹಾಲ್ ಒಂದು ಹನಿ ಬಿಟ್ಟು ನೂರು ಸಲ ಒತ್ತಿದರೂ ಸರಿಹೋಗಲಿಲ್ಲ. ಎಸ್.ಪಿ. ರೋಡಿಗೆ ಹೋಗಿ ಅದೇ ಕಂಪನಿಯ ಸತ್ತ ಕೀಬೋರ್ಡೊಂದನ್ನು ಮುನ್ನೂರು ರೂಪಾಯಿಗೆ ತಂದೆ. ಅಂಗಡಿಯವನು "ಸಾರ್, ಇದು ಓಡಲ್ಲ" ಅಂತ ಎರಡು ಸಲ ಎಚ್ಚರಿಸಿದ. ಗೊತ್ತಪ್ಪಾ, ಅದಕ್ಕೇ ಬೇಕು ಅಂದೆ. ಪ್ರತಿ ಸ್ವಿಚ್ಚಿಗೆ ಎರಡೇ ಬೆಸುಗೆ. ಸೀಸ ಹೀರುವ ಪಂಪು, ಒಂದು ಸೋಲ್ಡರಿಂಗ್ ಐರನ್, ಸ್ವಲ್ಪ ತಾಳ್ಮೆ. ಅರ್ಧ ಗಂಟೆಯಲ್ಲಿ ಆ ಸ್ವಿಚ್ ಇಲ್ಲಿಗೆ ಬಂತು.

ಮಾರ್ಪಾಡು ಅಂತ ಮಾಡಿದ್ದು ಒಂದೇ. ಹಳೆಯ ಪಿಎಸ್/2 ಪಿನ್ನಿಗೆ ಈಗಿನ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಐದು ವೋಲ್ಟ್, ಗ್ರೌಂಡ್, ಕ್ಲಾಕ್, ಡೇಟಾ, ಈ ನಾಲ್ಕು ತಂತಿಗಳನ್ನು ಪ್ರೊ ಮೈಕ್ರೋ ಅನ್ನುವ ಹೆಬ್ಬೆರಳು ಗಾತ್ರದ ಬೋರ್ಡಿಗೆ ಜೋಡಿಸಿ, ಟಿಎಂಕೆ ಎಂಬ ಮುಕ್ತ ತಂತ್ರಾಂಶ ತುಂಬಿದರೆ ಅದೇ ಯುಎಸ್‌ಬಿ ಕೀಬೋರ್ಡ್ ಆಗುತ್ತದೆ. ಬೋರ್ಡನ್ನು ಕವಚದ ಒಳಗೇ ಬಚ್ಚಿಟ್ಟೆ. ಹೊರಗಿನಿಂದ ಏನೂ ಗೊತ್ತಾಗಲ್ಲ.

ಈಗ ಎಫ್ ಕೀಗೆ ಬರುತ್ತೇನೆ. ಸೋಪು ನೀರಿಗೆ ಹೋಗದ ಒಂದು ಕಲೆ ಅದರ ಮೇಲಿತ್ತು. ಕೆಳಗಿನ ಅಂಚಿನಲ್ಲಿ ಗಟ್ಟಿಯಾದ ಕೆಂಪು ಚುಕ್ಕೆ. ಉಗುರು ಬಣ್ಣ. ಯಾವಾಗಲೋ ಅಮ್ಮನ ಕೈಯಿಂದ ಬಿದ್ದಿರಬೇಕು ಅಂದುಕೊಂಡೆ. ಹೆಂಡತಿಯ ಡ್ರಾಯರಿನಿಂದ ರಿಮೂವರ್ ತಂದು ಹತ್ತಿಯಲ್ಲಿ ಅದ್ದಿ ಉಜ್ಜಿದೆ. ಬಣ್ಣ ಹೋಯಿತು. ಜೊತೆಗೆ ಕೀಯ ಮುಖವೂ ಹೋಯಿತು. ರಿಮೂವರಿನಲ್ಲಿ ಅಸಿಟೋನ್ ಇರುತ್ತದೆ, ಈ ಕೀಗಳು ಎಬಿಎಸ್ ಪ್ಲಾಸ್ಟಿಕ್ಕಿನವು, ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಹತ್ತಿಯ ಎಳೆಗಳೆಲ್ಲ ಮೆತ್ತಗಾದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬೂಸ್ಟು ಹಿಡಿದ ಹಾಗೆ ಕಂಡಿತು. ಆಫೀಸಿನಲ್ಲಿ ಜೂನಿಯರ್ ಯಾರಾದರೂ ಟೆಸ್ಟ್ ಮಾಡದೆ ನೇರ ಪ್ರೊಡಕ್ಷನ್‌ಗೆ ಕೋಡ್ ಹಾಕಿದರೆ ನಾನು ಅರ್ಧ ಗಂಟೆ ಉಪದೇಶ ಮಾಡುವವನು. ಇಲ್ಲಿ ಒಂದು ಮೂಲೆಗೂ ಹಚ್ಚಿ ನೋಡಲಿಲ್ಲ.

ಗುಜರಿ ಕೀಬೋರ್ಡಿನ ಎಫ್ ಕಿತ್ತು ಇಲ್ಲಿಗೆ ಹಾಕಿದೆ. ಅಕ್ಷರ ಸ್ಪಷ್ಟವಾಗಿತ್ತು, ತೋರುಬೆರಳಿಗೆ ಜಾಗ ತೋರಿಸುವ ಸಣ್ಣ ಗೀಟೂ ಇತ್ತು. ಹಲ್ಲು ಕಟ್ಟಿಸಿಕೊಂಡ ಹಾಗೆ ಅದೊಂದು ಎದ್ದು ಕಾಣುತ್ತಿತ್ತು, ಆದರೂ ಸಮಾಧಾನವಾಯಿತು.

ದೀಪಾವಳಿಗೆ ಅಪ್ಪ ಅಮ್ಮ ಬೆಂಗಳೂರಿಗೆ ಬಂದರು. ಲ್ಯಾಪ್‌ಟಾಪಿಗೆ ಕೀಬೋರ್ಡ್ ಸಿಕ್ಕಿಸಿ, ಲಿನಕ್ಸ್‌ನಲ್ಲಿ ಕಗಪ ಅನ್ನುವ ಹೆಸರಲ್ಲಿರುವ ಅದೇ ವಿನ್ಯಾಸವನ್ನು ಆನ್ ಮಾಡಿ ಅಪ್ಪನ ಮುಂದಿಟ್ಟೆ. ಮೊಬೈಲಿನಲ್ಲಿ ಒಂದು ವಾಟ್ಸಾಪ್ ಸಂದೇಶಕ್ಕೆ ಐದು ನಿಮಿಷ ತೆಗೆದುಕೊಳ್ಳುವ ಮನುಷ್ಯ. ಕೈ ಇಟ್ಟಿದ್ದೇ ತಡ, ಮನೆ ಟಕಟಕ ಅನ್ನತೊಡಗಿತು. ಅಡುಗೆಮನೆಯಿಂದ ಅಮ್ಮ "ಅಯ್ಯೋ, ಅಂಗಡಿ ಸದ್ದು!" ಅಂದಳು. ಪರದೆ ನೋಡಿದೆ. ಮೊದಲ ಸಾಲು ಸರಿಯಿತ್ತು. ಎರಡನೆಯದರಿಂದ ಎಲ್ಲ ಅಯೋಮಯ, ಒತ್ತಕ್ಷರ ಇರಬೇಕಾದಲ್ಲೆಲ್ಲ ಗ. ಎಡಗೈ ಒಂದು ಕೀ ಪಕ್ಕಕ್ಕೆ ಸರಿದುಹೋಗಿತ್ತು.

ಅಪ್ಪ ನಿಲ್ಲಿಸಿ ಎಫ್ ಕೀಯನ್ನು ಬೆರಳಲ್ಲಿ ಸವರಿದರು. "ಇದರ ಮೇಲೊಂದು ಚುಕ್ಕೆ ಇತ್ತಲ್ಲ, ಎಲ್ಲಿ?"

"ಕೊಳೆ ಅಂತ ತೆಗೆದೆ. ಹೊಸ ಕೀಗೆ ಗೀಟಿದೆಯಲ್ಲ."

"ಗೀಟು ನಂಗೆ ಗೊತ್ತಾಗಲ್ಲ ಕಣೋ."

ಬೆರಳ ತುದಿ ಜೋಮು ಹಿಡಿದ ಹಾಗಿರುತ್ತೆ ಅಂದರು, ಏನೋ ಹವಾಮಾನದ ಸುದ್ದಿ ಹೇಳಿದಷ್ಟೇ ಸಲೀಸಾಗಿ. ಯಾವಾಗಿಂದ? ಅಂಗಡಿ ಮುಚ್ಚೋಕೆ ಮೂರು ವರ್ಷ ಮುಂಚಿನಿಂದ. ಗಂಡಿನ ಹೆಸರು ತಪ್ಪಾಗಿ ಅಚ್ಚಾಗಿ ಇನ್ನೂರು ಪತ್ರಿಕೆ ವಾಪಸ್ ಬಂದ ದಿನ ಅಮ್ಮನ ಉಗುರು ಬಣ್ಣ ತಂದು ಆ ಚುಕ್ಕೆ ಇಟ್ಟಿದ್ದಂತೆ. ಕೊರೊನಾದಿಂದ ಅಂಗಡಿ ಮುಚ್ಚಿತು ಅಂತಲೇ ನಾವೆಲ್ಲ ನಂಬಿದ್ದೆವು. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನುಂಗ್ತಾರೆ, ಸರಿಯಾಗಿದ್ದಾರೆ ಅಂತ ನಾನೂ ಬಿಟ್ಟಿದ್ದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತವಳು ಏನೂ ಮಾತಾಡಲಿಲ್ಲ.

ಮಾರನೇ ವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಇದು ಕೈಗಿಂತ ಮೊದಲು ಕಾಲಿಗೆ ಬರುವುದೇ ಹೆಚ್ಚು ಅಂತ ಪಾದಗಳನ್ನು ನೈಲಾನ್ ಎಳೆಯೊಂದರಿಂದ ಚುಚ್ಚಿ ಚುಚ್ಚಿ ಪರೀಕ್ಷಿಸಿದರು. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಬಲಪಾದದಲ್ಲಿ ಎರಡು ಕಡೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಔಷಧಿ ಬದಲಾಗಿದೆ, ಬರಿಗಾಲಲ್ಲಿ ತೋಟಕ್ಕೆ ಹೋಗುವುದು ಬಂದ್ ಆಗಿದೆ, ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಆಸ್ಪತ್ರೆಯಿಂದ ಬಂದ ಸಂಜೆ ಹೆಂಡತಿಯ ಡ್ರಾಯರಿಗೆ ಮತ್ತೆ ಕೈ ಹಾಕಿದೆ, ಈ ಸಲ ರಿಮೂವರಿಗಲ್ಲ. ಒಂದೇ ಸಲ ದಪ್ಪ ಹನಿ ಇಟ್ಟರೆ ಹರಡಿಕೊಳ್ಳುತ್ತೆ, ಎತ್ತರ ಬರಲ್ಲ. ತೆಳ್ಳಗೆ ಒಂದು ಪದರ, ಇಪ್ಪತ್ತು ನಿಮಿಷ ಬಿಟ್ಟು ಅದರ ಮೇಲೆ ಇನ್ನೊಂದು. ಬೆಂಕಿಕಡ್ಡಿಯ ತುದಿಯಿಂದ ಇಟ್ಟರೆ ಚುಕ್ಕೆ ದುಂಡಗೆ ಬರುತ್ತದೆ. ಮೂರು ಪದರ ಹಾಕಿ, ಒಣಗಿಸಿ, ಅಪ್ಪನ ಮುಂದಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಎಡಗೈ ತೋರುಬೆರಳನ್ನು ಡಿ ಮೇಲಿಂದ ಎಫ್ ಮೇಲೆ, ಅಲ್ಲಿಂದ ಜಿ ಮೇಲೆ, ಮತ್ತೆ ಹಿಂದಕ್ಕೆ ಎಳೆದು ನೋಡಿದರು.

"ಇನ್ನೊಂದು ಕೋಟ್ ಹಾಕು, ಸಾಲದು" ಅಂದರು.