ಸವೆದ ಬೆರಳು ಮತ್ತು ಯಂತ್ರದ ತೀರ್ಪು

ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಎಳೆ ಎಳೆಯಾಗಿ ಬೆಸೆಯುವುದು ಬೆರಳುಗಳ ಕೆಲಸ. ಆ ಊರಿನ ಸುತ್ತಲಿನ ಕೆಂಪು ಕಲ್ಲಿನ ಗಣಿಗಳಲ್ಲಿ, ಬಾದಾಮಿಯ ಕಲ್ಲುಕೆಲಸದಲ್ಲಿ, ಹುನಗುಂದದ ಹೊಲಗಳಲ್ಲಿ ದುಡಿಯುವವರ ಬದುಕೂ ಬೆರಳುಗಳನ್ನೇ ನಂಬಿದೆ. ವರ್ಷಗಟ್ಟಲೆ ದುಡಿದ ಬೆರಳಿನ ಗೆರೆಗಳು ಸವೆಯುತ್ತವೆ, ಮುಪ್ಪಿನಲ್ಲಿ ಮಾಸುತ್ತವೆ. ಪಡಿತರ ಅಂಗಡಿಯ ಯಂತ್ರವು ಅಂಥ ಬೆರಳನ್ನು ಎಷ್ಟೋ ವೇಳೆ ಗುರುತಿಸದು. ಹೆಚ್ಚು ದುಡಿದವರೇ ತಮ್ಮ ಗುರುತನ್ನು ರುಜುವಾತುಪಡಿಸಲಾರದೆ ನಿಲ್ಲುವುದು ಎಂಥ ವಿಪರ್ಯಾಸ!

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ೨೦೧೮ರಲ್ಲಿ ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದ ನ್ಯಾಯಾಲಯವು, ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದೆಂಬುದನ್ನೂ ಒತ್ತಿ ಹೇಳಿತು.

ಬೆರಳಚ್ಚಿನ ಯಂತ್ರ ತಪ್ಪಿದರೆ ಎದುರಿಗೇ ತಿಳಿಯುತ್ತದೆ. ಕೃತಕ ಬುದ್ಧಿಮತ್ತೆಯ ತಪ್ಪು ಹಾಗೆ ಕಾಣದು. ಕೋಟ್ಯಂತರ ಜನರ ಹಳೆಯ ದಾಖಲೆಗಳಿಂದ ಪಾಠ ಕಲಿತು, ಸಾಲಕ್ಕೆ ಯಾರು ಅರ್ಹರು, ಉದ್ಯೋಗಕ್ಕೆ ಯಾರು ತಕ್ಕವರು ಎಂದು ಅದು ಊಹಿಸುತ್ತದೆ. ಕೈಗಡ ತಂದು ತಪ್ಪದೆ ತೀರಿಸಿದ ನೇಕಾರ ಮಹಿಳೆಯ ಪ್ರಾಮಾಣಿಕತೆ ಯಾವ ದಾಖಲೆಯಲ್ಲಿದೆ? ದಾಖಲೆಯಲ್ಲಿ ಇಲ್ಲದ್ದನ್ನು ಯಂತ್ರ ಅರಿಯದು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರಿಗೆ ಕಾಗದಪತ್ರಗಳ ಬೆಲೆ ಗೊತ್ತು. ಆದರೆ ಅಂದು ಕಡತದಲ್ಲಿ ತಪ್ಪಾದರೆ ಹೋಗಿ ಕೇಳಲು ಕಚೇರಿಯಲ್ಲೊಬ್ಬ ಮನುಷ್ಯನಿದ್ದ. ಇನ್ನು ಮುಂದೆ ಕೇಳುವುದು ಯಾರನ್ನು?

೨೦೨೫ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ೧೪ನೆಯ ಲಿಯೋರವರು ತಮ್ಮ ಹೆಸರಿನ ಕಾರಣವನ್ನು ವಿವರಿಸುತ್ತ, ೧೮೯೧ರಲ್ಲಿ ಕಾರ್ಮಿಕರ ಹಕ್ಕುಗಳ ಕುರಿತು 'ರೇರುಂ ನೊವಾರುಂ' ವಿಶ್ವಪತ್ರವನ್ನು ಬರೆದ ೧೩ನೆಯ ಲಿಯೋರವರನ್ನು ಸ್ಮರಿಸಿದರು. ಅಂದಿನ ಕೈಗಾರಿಕಾ ಕ್ರಾಂತಿಯಂತೆಯೇ ಇಂದು ಕೃತಕ ಬುದ್ಧಿಮತ್ತೆಯು ಮಾನವ ಘನತೆಗೆ, ನ್ಯಾಯಕ್ಕೆ, ದುಡಿಮೆಗೆ ಹೊಸ ಸವಾಲುಗಳನ್ನೊಡ್ಡಿದೆ ಎಂಬುದು ಅವರ ಅಭಿಪ್ರಾಯ.

ಯಂತ್ರವನ್ನು ದೂರುವುದರಿಂದ ಫಲವಿಲ್ಲ. ಅದು ಸಾವಿರಾರು ಜನರ ಕೆಲಸವನ್ನು ಹಗುರಗೊಳಿಸಿದೆ. ಆದರೆ ಅದು "ಇಲ್ಲ" ಎಂದಾಗ ಕಾರಣ ತಿಳಿಸುವ, ತಪ್ಪನ್ನು ತಿದ್ದುವ ಹೊಣೆ ಮನುಷ್ಯನ ಮೇಲೆಯೇ ಇರಬೇಕು. ಓದುಬರಹ ಬಲ್ಲ ಯುವಜನರು ನೆರೆಮನೆಯ ವೃದ್ಧರೊಡನೆ ಪಡಿತರ ಅಂಗಡಿಯವರೆಗೆ ಹೋಗಲಿ. ಬೆರಳು ಹೊಂದದಿದ್ದರೆ ಬೇರೆ ದಾಖಲೆಯನ್ನು ಪರಿಗಣಿಸುವಂತೆ ಕೇಳಲಿ. ನಿರಾಕರಿಸಿದರೆ ಲಿಖಿತ ಕಾರಣ ಬೇಡಲಿ. ಸವೆದ ಕೈಗಳಿಗೆ ನಾವು ಸಲ್ಲಿಸಬಹುದಾದ ಗೌರವ ಅಲ್ಲಿಂದಲೇ ಆರಂಭವಾಗಲಿ.