ಡೆಲ್ಮೊನಿಕೋಸ್: ಸಿರಿವಂತರ ಮೇಜು, ಹೆಂಗಸರ ಪಾಲು

ಹೋಟೆಲಿಗೆ ಬಂದವರ ಮುಂದೆ ಮಾಣಿ ತಿಂಡಿಪಟ್ಟಿ ಇಡುತ್ತಾನೆ. ಅವರು ಬೇಕಾದುದನ್ನು ಆರಿಸಿ ತರಿಸಿಕೊಳ್ಳುತ್ತಾರೆ. ಇದರಲ್ಲೇನು ವಿಶೇಷ ಎನ್ನಬಹುದು. ಆದರೆ 1820ರ ದಶಕದ ನ್ಯೂಯಾರ್ಕ್‌ನಲ್ಲಿ ಹೀಗಿರಲಿಲ್ಲ. ವಸತಿಗೃಹಗಳಲ್ಲಿ ಗೊತ್ತಾದ ಹೊತ್ತಿಗೆ ಎಲ್ಲರೂ ಉದ್ದನೆಯ ಮೇಜಿಗೆ ಕುಳಿತು, ಬಡಿಸಿದ್ದನ್ನೇ ಉಣ್ಣಬೇಕಿತ್ತು. ಈ ರೂಢಿಯನ್ನು ಬದಲಿಸಿದವರಲ್ಲಿ ಡೆಲ್ಮೊನಿಕೊ ಮನೆತನದವರು ಪ್ರಮುಖರು.

ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದ ಜಾನ್ ಮತ್ತು ಪೀಟರ್ ಸೋದರರು. ಜಾನ್ ಹಡಗಿನ ಕಪ್ತಾನನಾಗಿದ್ದವನು, ಪೀಟರ್ ಮಿಠಾಯಿ ಕಸುಬಿನವನು. 1827ರಲ್ಲಿ ವಿಲಿಯಂ ಸ್ಟ್ರೀಟಿನಲ್ಲಿ ಅವರು ತೆರೆದದ್ದು ಕಾಫಿ, ಕೇಕ್ ಮಾರುವ ಪುಟ್ಟ ಅಂಗಡಿ. 1831ರಲ್ಲಿ ಸೋದರರ ಮಗ ಲೊರೆಂಜೊ ಜೊತೆಗೂಡಿದ. 1835ರ ಭಾರಿ ಬೆಂಕಿಯಲ್ಲಿ ಅಂಗಡಿ ಸುಟ್ಟುಹೋಯಿತು. ಎದೆಗುಂದದೆ 1837ರಲ್ಲಿ ಬೀವರ್ ಸ್ಟ್ರೀಟಿನ ಮೂಲೆಯಲ್ಲಿ ಭವ್ಯ ಕಟ್ಟಡವನ್ನೇ ಎಬ್ಬಿಸಿದರು. ಬೇರೆ ಬೇರೆ ಮೇಜುಗಳು, ಅಚ್ಚಾದ ತಿಂಡಿಪಟ್ಟಿ, ಫ್ರೆಂಚ್ ಅಡುಗೆ! ಒಳ್ಳೆಯ ತರಕಾರಿಗಾಗಿ ಬ್ರೂಕ್ಲಿನ್ ಕಡೆ ಸ್ವಂತ ಜಮೀನನ್ನೂ ಮಾಡಿಕೊಂಡಿದ್ದರು.

1862ರಲ್ಲಿ ಬಂದ ಫ್ರೆಂಚ್ ಬಾಣಸಿಗ ಚಾರ್ಲ್ಸ್ ರಾನ್‌ಹೋಫರ್ ಕೀರ್ತಿಯನ್ನು ಮತ್ತಷ್ಟು ಹೆಚ್ಚಿಸಿದ. 1894ರಲ್ಲಿ ಅವನು ಪ್ರಕಟಿಸಿದ ‘ದಿ ಎಪಿಕ್ಯೂರಿಯನ್’ ಸಾವಿರಕ್ಕೂ ಹೆಚ್ಚು ಪುಟಗಳ ಪಾಕಗ್ರಂಥ. ನಗರದ ಸಿರಿವಂತರಿಗೆ, ರಾಜಕಾರಣಿಗಳಿಗೆ ಅಲ್ಲಿ ಊಟ ಮಾಡುವುದೇ ಪ್ರತಿಷ್ಠೆಯಾಯಿತು.

ಆದರೆ ಪ್ರತಿಷ್ಠೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗಂಡಸರು ಜೊತೆಯಲ್ಲಿಲ್ಲದೆ ಬಂದ ಹೆಂಗಸರಿಗೆ ಆ ಕಾಲದ ದೊಡ್ಡ ಹೋಟೆಲುಗಳಲ್ಲಿ ಊಟ ಬಡಿಸುತ್ತಿರಲಿಲ್ಲ. 1868ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ನ್ಯೂಯಾರ್ಕ್‌ನ ಪತ್ರಕರ್ತರು ಡೆಲ್ಮೊನಿಕೋಸ್‌ನಲ್ಲಿ ಔತಣ ಏರ್ಪಡಿಸಿದರು. ಹಲವು ವರ್ಷಗಳಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದ ಜೇನ್ ಕನ್ನಿಂಗ್‌ಹ್ಯಾಮ್ ಕ್ರೋಲಿ ತಮಗೂ ಟಿಕೆಟ್ ಬೇಕೆಂದರು. ಸಿಗಲಿಲ್ಲ. ಹೆಣ್ಣೆಂಬುದೊಂದೇ ಕಾರಣ.

ಕ್ರೋಲಿ ಅಳುತ್ತ ಕೂರಲಿಲ್ಲ. ಗೆಳತಿಯರೊಡನೆ ‘ಸೊರೊಸಿಸ್’ ಎಂಬ ಮಹಿಳಾ ಸಂಘ ಕಟ್ಟಿದರು. ಅದೇ ಏಪ್ರಿಲ್‌ನಲ್ಲಿ, ಅದೇ ಡೆಲ್ಮೊನಿಕೋಸ್‌ನಲ್ಲಿ, ಗಂಡಸರ ಜೊತೆಯಿಲ್ಲದೆ ಸಂಘದ ಸದಸ್ಯೆಯರು ಕುಳಿತು ಊಟ ಮಾಡಿದರು. ಹೋಟೆಲಿನವರು ಇಲ್ಲವೆನ್ನದೆ ಬಡಿಸಿದ್ದು ಅವರ ದೊಡ್ಡತನ. ಊಟದ ಹಕ್ಕಿನಿಂದ ಆರಂಭವಾದ ಈ ಸಂಘ, 1890ರಲ್ಲಿ ಅಮೆರಿಕದ ಮಹಿಳಾ ಸಂಘಗಳ ಮಹಾ ಒಕ್ಕೂಟಕ್ಕೆ ನಾಂದಿಯಾಯಿತು.

ಹೋಟೆಲಿನ ಭಾಗ್ಯ ಮಾತ್ರ ಕೊನೆಯತನಕ ಉಳಿಯಲಿಲ್ಲ. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಯಾಯಿತು. ವೈನ್ ಮಾರಾಟದ ವರಮಾನ ನಿಂತಿತು. ವೈನ್ ಬೆರೆಸಿ ಮಾಡುತ್ತಿದ್ದ ಫ್ರೆಂಚ್ ಅಡುಗೆಯ ರುಚಿಯೂ ಕೆಟ್ಟಿತು. 1923ರಲ್ಲಿ ಫಿಫ್ತ್ ಅವೆನ್ಯೂದಲ್ಲಿದ್ದ ಕೊನೆಯ ಶಾಖೆ ಮುಚ್ಚಿತು. ಮುಂದೆ ಬೇರೆಯವರು ಅದೇ ಹೆಸರಿನಲ್ಲಿ ಹೋಟೆಲು ನಡೆಸಿದರು. ಬೀವರ್ ಸ್ಟ್ರೀಟಿನಲ್ಲಿ 1891ರಲ್ಲಿ ಹೊಸದಾಗಿ ಕಟ್ಟಿದ ಡೆಲ್ಮೊನಿಕೋಸ್ ಕಟ್ಟಡ ಇಂದಿಗೂ ನಿಂತಿದೆ.

ಡಿಕನ್ಸ್ ಔತಣದಲ್ಲಿ ಏನೇನು ಬಡಿಸಿದರೆಂಬುದು ಇಂದು ಯಾರಿಗೂ ಮುಖ್ಯವಲ್ಲ. ಆ ಔತಣಕ್ಕೆ ಬೇಡವಾದ ಹೆಣ್ಣುಮಗಳು ಮರಳಿ ಬಂದು ಹಾಕಿಸಿಕೊಂಡ ಎಲೆಯೇ ಚರಿತ್ರೆಯಲ್ಲಿ ಉಳಿದಿದೆ.