‘ಪ್ರಾಡಿಗಲ್’ ಶಬ್ದದ ಅರ್ಥವಿಚಾರ

ದುಂದುಗಾರನನ್ನು ಹೇಳುವ ಇಂಗ್ಲಿಷಿನ ‘ಪ್ರಾಡಿಗಲ್’ ಶಬ್ದವನ್ನು ‘ದೂರ ಹೋಗಿ ಹಿಂದಿರುಗಿದವನು’ ಎಂಬ ಅರ್ಥದಲ್ಲಿಯೂ ಬಳಸುವುದುಂಟು. ಈ ಅರ್ಥ ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ದೃಷ್ಟಾಂತಕಥೆಯಿಂದ ಅಂಟಿಕೊಂಡದ್ದು. ತಂದೆಯಿಂದ ಪಾಲು ಪಡೆದ ಕಿರಿಯ ಮಗ ಪರದೇಶದಲ್ಲಿ ಅದನ್ನು ಹಾಳುಮಾಡಿ ಬರಿಗೈಯಲ್ಲಿ ಮರಳುತ್ತಾನೆ. ಆದರೆ 1611ರ ಇಂಗ್ಲಿಷ್ ಅನುವಾದದ ಕಥಾಭಾಗದಲ್ಲಿ ಈ ಶಬ್ದವೇ ಬರುವುದಿಲ್ಲ. ಅದು ಕಥೆಗೆ ರೂಢಿಯಲ್ಲಿ ಸಂದ ಹೆಸರು. ಮರಳಿ ಬರುವುದು ಕಥೆಗೆ ಸೇರಿದ್ದು, ಶಬ್ದಕ್ಕಲ್ಲ.

ಶಬ್ದದ ಮೂಲ ಲ್ಯಾಟಿನ್ ಭಾಷೆಯ ‘ಪ್ರೋದಿಗೆರೆ’. ‘ಪ್ರೋ’ ಎಂದರೆ ಮುಂದಕ್ಕೆ, ‘ಅಗೆರೆ’ ಎಂದರೆ ಅಟ್ಟು. ಕೈಯಲ್ಲಿದ್ದುದನ್ನು ಹೊರಗಟ್ಟುವವನೇ ‘ಪ್ರೋದಿಗುಸ್’. ಸಂಸ್ಕೃತದ ‘ಅಜ್’ ಧಾತು ಈ ‘ಅಗೆರೆ’ಯ ಸಗೋತ್ರ. ‘ವ್ಯಯ’ದಲ್ಲಿಯೂ ‘ಹೋಗು’ ಎಂಬರ್ಥದ ‘ಇ’ ಧಾತುವಿದೆ. ಹಿಂದಿಯವರು ಹಣವನ್ನು ಹಾರಿಸುತ್ತಾರೆ. ಅವರಿಗೆ ಆ ಮಗ ‘ಉಡಾಊ ಪುತ್ರ’. ಕನ್ನಡಿಗರು ಹಣವನ್ನು ನೀರಿನಂತೆ ಚೆಲ್ಲುತ್ತಾರೆ, ಆಸ್ತಿಯನ್ನು ಕರಗಿಸುತ್ತಾರೆ. ಹೀಗೆ ನಾಲ್ಕೂ ಕಡೆ ದುಂದು ಎಂದರೆ ಇದ್ದುದು ಇಲ್ಲವಾಗಿ ಹೋಗುವ ಕ್ರಿಯೆ.

ಹೋದದ್ದು ಯಾರ ಸ್ವತ್ತು? ಶಬ್ದದ ನಿಜವಾದ ಭಾರವಿರುವುದು ಈ ಪ್ರಶ್ನೆಯಲ್ಲಿ. ರೋಮನ್ ಕಾನೂನಿನಲ್ಲಿ ‘ಪ್ರೋದಿಗುಸ್’ ಬರಿಯ ಬೈಗುಳಾಗಿರಲಿಲ್ಲ. ತಂದೆ ತಾತಂದಿರಿಂದ ಬಂದ ಆಸ್ತಿಯನ್ನು ಹಾಳುಮಾಡುವವನ ಕೈಯಿಂದ ಅದರ ಆಡಳಿತವನ್ನು ತೆಗೆದು ಪಾಲಕರಿಗೆ ಒಪ್ಪಿಸುವ ವ್ಯವಸ್ಥೆಯಿತ್ತು. ಇದಕ್ಕೆ ಹತ್ತಿರದ ಚಿಂತನೆ ಕನ್ನಡ ನಾಡಿನಲ್ಲಿಯೇ ನಡೆದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಪಿತಾಮಹನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಅವಿಭಕ್ತನಾದ ತಂದೆ ಅದನ್ನು ದಾನ ಮಾಡುವಾಗ ಅಥವಾ ಮಾರುವಾಗ ತಡೆಯುವ ಅಧಿಕಾರವೂ ಉಂಟು ಎಂಬುದು ಅವನ ಮತ. ಕುಡಿತ, ಕಾಮ, ಜೂಜು, ವೃಥಾದಾನಗಳಿಗಾಗಿ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿಲ್ಲವೆಂದು ಮೂಲಸ್ಮೃತಿಯೇ ಹೇಳುತ್ತದೆ. ಸುವಾರ್ತೆಯಲ್ಲಿ ಮಗ ದುಂದುಗಾರ. ಇಲ್ಲಿ ತಂದೆಯೂ ಆಗಬಲ್ಲ.

ಈ ವಿಚಾರ ಗ್ರಂಥಸ್ಥವಾಗಿ ಮಾತ್ರ ಉಳಿದಿಲ್ಲ. ದೆಹಲಿ–ಜೈಪುರ ಹೆದ್ದಾರಿಯಲ್ಲಿರುವ ಹರಿಯಾಣದ ಮಾನೇಸರ್ ಪರಿಸರದಲ್ಲಿ 1990ರ ದಶಕದಿಂದ ಹೊಲಗಳು ಕೈಗಾರಿಕಾ ಪಟ್ಟಣಕ್ಕಾಗಿ ಸ್ವಾಧೀನವಾದವು. ತಲೆಮಾರುಗಳ ನೆಲ ಪರಿಹಾರಧನವಾಯಿತು. ಸ್ಥಾವರದ ವಿಷಯದಲ್ಲಿ ವಿಜ್ಞಾನೇಶ್ವರನು ಹೆಚ್ಚು ಬಿಗಿಯಾಗಿದ್ದುದರ ಔಚಿತ್ಯ ಇಂತಹ ಸ್ಥಳದಲ್ಲಿ ಮನದಟ್ಟಾಗುತ್ತದೆ. ನೆಲ ಹಾರದು, ಹಣ ಹಾರೀತು. ಒಬ್ಬನ ಕೈಗೆ ಬಂದ ಆ ಹಣದಲ್ಲಿ ಮನೆಯ ಉಳಿದವರ ಮಾತಿಗೆ ಎಡೆಯೆಷ್ಟು ಎಂಬುದೇ ಪ್ರಶ್ನೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಆ ಉಳಿದವರಲ್ಲಿ ಹೆಣ್ಣುಮಕ್ಕಳೂ ಜನ್ಮತಃ ಹಕ್ಕುದಾರರು.

ಆದುದರಿಂದ ಅನುವಾದಕರು ‘ಪ್ರಾಡಿಗಲ್’ಗೆ ‘ಮರಳಿ ಬಂದವನು’ ಎಂಬರ್ಥವನ್ನು ಕೊಡದಿರುವುದು ಲೇಸು. ಖರ್ಚನ್ನಷ್ಟೇ ಹೇಳುವಲ್ಲಿ ‘ದುಂದುಗಾರ’ ಸಾಕು. ಪಿತ್ರಾರ್ಜಿತದ ಪ್ರಸಂಗದಲ್ಲಿ ಜನರ ಬಾಯಲ್ಲಿರುವ ‘ಮನೆಹಾಳ’ ಎಂಬ ಮಾತೇ ಹೆಚ್ಚು ಸಮೀಪವೆಂದು ನಾವು ಭಾವಿಸುತ್ತೇವೆ. ಹಾಳಾದದ್ದು ಒಬ್ಬನ ಹಣವಲ್ಲ, ಎಲ್ಲರ ಮನೆ ಎಂಬುದನ್ನು ಅದು ಮರೆಸುವುದಿಲ್ಲ.